ಮಡಿಲಿಗೆ ಹಾಕಿದ ಬೆಳ್ಳಿ ಚೀಲ

ಕಾಣದಿದ್ದದ್ದು ಕಾಣತೊಡಗಿದ ವರ್ಷ ದೊಡ್ಡಬಳ್ಳಾಪುರದಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದವರು ಕಡಿಮೆ.

ಎಲ್ಲ ಶುರುವಾದದ್ದು ಒಂದು ಹಾಳೆಯಿಂದ. ನೋಡಲು ಮಕ್ಕಳ ಪುಸ್ತಕಕ್ಕೆ ಹಾಕುವ ಬೈಂಡಿನಂಥದ್ದು. ತೆಳ್ಳಗೆ, ತುಸು ಬೂದು ಬಣ್ಣ. ಅದರೊಳಗೆ ಸಾಸಿವೆಗಿಂತ ಸಣ್ಣ ಸಾವಿರಾರು ದೀಪಗಳು, ಒಂದೊಂದು ದೀಪಕ್ಕೂ ಕೂದಲೆಳೆಯಂಥ ಒಂದೊಂದು ಆಂಟೆನಾ. ಹತ್ತಿರದಲ್ಲಿ ಎಲ್ಲಾದರೂ ರೇಡಿಯೋ ಅಲೆ ಸುಳಿದರೆ ಆಂಟೆನಾ ಅದನ್ನು ಹಿಡಿದು ದೀಪಕ್ಕೆ ಉಣಿಸುತ್ತಿತ್ತು, ದೀಪ ಹೊತ್ತಿಕೊಳ್ಳುತ್ತಿತ್ತು. ಬ್ಯಾಟರಿ ಬೇಡ, ಸ್ವಿಚ್ಚು ಬೇಡ. ಎದುರಿಗೆ ಫೋನು ಹಿಡಿದರೆ ಸಾಕು, ಹಾಳೆಯ ಮೇಲೆ ಅಂಗೈಯಗಲದ ನೀಲಿ ಬೆಳಕು ಅರಳಿ ಉಸಿರಾಡಿದ ಹಾಗೆ ಹಿಗ್ಗುತ್ತ ಕುಗ್ಗುತ್ತ ಇರುತ್ತಿತ್ತು. ಟವರ್ ರಿಪೇರಿಯವರಿಗೆ ಅನುಕೂಲವಾಗಲಿ ಅಂತ ಯಾರೋ ಮಾಡಿದ್ದು ಅದು. ಹೇಗೋ ಸ್ಟೇಷನರಿ ಅಂಗಡಿಗೆ ಬಂತು, ಮಿಣುಕುಹಾಳೆ ಅಂತ ಹೆಸರು ಪಡೆಯಿತು, ಆರು ತಿಂಗಳಲ್ಲಿ ಮನೆಮನೆಯ ಗೋಡೆ ಹತ್ತಿ ಕೂತಿತು.

ಅಲ್ಲಿಂದ ಜನಕ್ಕೆ ಹೊಸ ತಲೆನೋವು. ತೊಟ್ಟಿಲುಗಳು ಕೋಣೆಯಿಂದ ಕೋಣೆಗೆ ಅಲೆದವು. ಗಂಡಸರು ಫೋನನ್ನು ಅಂಗಿಯ ಜೇಬಿನಿಂದ ಪ್ಯಾಂಟಿನ ಜೇಬಿಗೆ ಇಳಿಸಿದರು. ಅಲ್ಲಿಗೂ ಯಾರೋ ಹಾಳೆ ಹಿಡಿದು ತೋರಿಸಿದ ಮೇಲೆ ಊಟದ ಬ್ಯಾಗಿಗೆ ಸಾಗಿಸಿದರು. ಗೋಡೆ ಹಂಚಿಕೊಂಡ ಮನೆಗಳಲ್ಲಿ ಜಗಳ.

"ರೀ, ನಿಮ್ಮ ವೈಫೈ ನಮ್ಮ ದೇವರ ಮನೆ ಗೋಡೆ ಮೇಲೆ ಕುಣೀತಿದೆ. ಸ್ವಲ್ಪ ಆ ಕಡೆ ತಿರುಗಿಸ್ಕೊಳ್ಳಿ."

"ತಿರುಗಿಸೋಕೆ ಅದೇನು ಟೇಬಲ್ ಫ್ಯಾನಾ?"

ಡಾಕ್ಟರುಗಳು ಹೇಳಿಯೇ ಹೇಳಿದರು. ಇದು ಮೊನ್ನೆ ಹುಟ್ಟಿದ್ದಲ್ಲ, ಮೊದಲಿಂದ ಇದ್ದದ್ದೇ, ಈಗ ಕಾಣಿಸಿದೆ ಅಷ್ಟೇ. ಇಷ್ಟರಿಂದ ಕೆಡುಕಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತ. ಜನ ಹೂಂ ಅಂದರು, ಮನೆಗೆ ಬಂದು ಗೋಡೆ ನೋಡಿದರು. ಒಮ್ಮೆ ಕಂಡದ್ದನ್ನು ಕಾಣಲಿಲ್ಲ ಅಂದುಕೊಳ್ಳುವುದು ಯಾರ ಕೈಲಾಗುತ್ತದೆ?

ಹೀಗಿರುವಾಗ ಕವಚಗಳು ಬಂದವು. ಬೆಳ್ಳಿ ಎಳೆ ಹೊಕ್ಕ ಬಟ್ಟೆಯಿಂದ ಹೊಲಿದ ಫೋನಿನ ಚೀಲ. ಮುಚ್ಚಳ ಹಾಕಿದರೆ ಹಾಳೆ ಕಪ್ಪಗಾಗುತ್ತಿತ್ತು, ಅಂಗಡಿಯವನು "ನೋಡಿ, ಇಲ್ಲ!" ಅನ್ನುತ್ತಿದ್ದ. ಊರಿನ ಮಗ್ಗಗಳಿಗೆ ಕೈತುಂಬ ಕೆಲಸ. ಸೀರೆಯ ಅಂಚಿಗೆ ಜರಿ ಹಾಕುತ್ತಿದ್ದ ಕೈಗಳು ಫೋನಿನ ಅಂಗಿಗೆ ಬೆಳ್ಳಿ ಹಾಕತೊಡಗಿದವು. ಪ್ರತಿ ಡಬ್ಬಿಯ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಸಾಲು: ನೂರಕ್ಕೆ ತೊಂಬತ್ತೇಳು ಪಾಲು ಅಲೆ ತಡೆಯುತ್ತದೆ. ಪರೀಕ್ಷಿಸಿದವರು, ಎನ್. ಮಂದಾಕಿನಿ.

*

ಆ ಮಂದಾಕಿನಿಗೆ ಇಪ್ಪತ್ತೊಂಬತ್ತು ವರ್ಷ. ಊರಾಚೆಯ ಕೈಗಾರಿಕಾ ಪ್ರದೇಶದ ಪರೀಕ್ಷಾಲಯದಲ್ಲಿ ಕೆಲಸ. ಅಳೆಯುವುದಕ್ಕೆಂದೇ ಅಲ್ಲೊಂದು ಕೋಣೆಯಿತ್ತು. ಗೋಡೆ, ಚಾವಣಿ, ಬಾಗಿಲಿನ ಒಳಮೈ, ಎಲ್ಲ ಕಡೆಯಿಂದಲೂ ಮೊಳದುದ್ದದ ನೀಲಿ ಸ್ಪಂಜಿನ ಮುಳ್ಳುಗಳು ಚಾಚಿಕೊಂಡಿದ್ದವು. ಒಳಗೆ ಹುಟ್ಟಿದ ಅಲೆ ಗೋಡೆಗೆ ತಾಗಿ ಹಿಂದಿರುಗದ ಹಾಗೆ ಅವು ನುಂಗಿಬಿಡುತ್ತಿದ್ದವು. ಹೊರಗಿನ ಅಲೆ ಒಂದೂ ಒಳಗೆ ಬರುತ್ತಿರಲಿಲ್ಲ. ಕಾಗದಪತ್ರದಲ್ಲಿ ಅದಕ್ಕೆ ಉದ್ದನೆಯ ಹೆಸರು. ಕೆಲಸ ಮಾಡುವವರ ಬಾಯಲ್ಲಿ ಅದು ನುಂಗೋ ರೂಮು. ಮೊದಲ ದಿನ ಅದರೊಳಗೆ ನಿಂತಾಗ ಮಂದಾಕಿನಿಗೆ, ಕತೆಯಲ್ಲಿ ರಾಜಕುಮಾರಿಯನ್ನು ನುಂಗಿದ ಮೀನಿನ ಹೊಟ್ಟೆ ಒಳಗಡೆಯಿಂದ ಹೀಗೇ ಇದ್ದಿರಬೇಕು ಅನ್ನಿಸಿತ್ತು. ಈಗ ಐದು ವರ್ಷದಲ್ಲಿ ಅದು ಬರೀ ಕೋಣೆ.

ಕೋಣೆಯ ಮಧ್ಯೆ ಮರದ ಕಂಬದ ಮೇಲೆ ಫೋನು. ಎದುರಿಗೆ ಅಲೆ ಅಳೆಯುವ ಆಂಟೆನಾ. ಮೂಲೆಯಲ್ಲಿ, ತಾನೇ ಟವರ್ ಎಂದು ಫೋನಿಗೆ ನಂಬಿಸುವ ಒಂದು ಪೆಟ್ಟಿಗೆ. ಜೊತೆಗೆ ಕೆಲಸ ಮಾಡುವ ನಫೀಸಾ ಅದಕ್ಕೆ ನಾಟಕದ ಟವರ್ ಅಂತ ಹೆಸರಿಟ್ಟಿದ್ದಳು. ಪರೀಕ್ಷೆಗೆ ಮುಂಚೆ ಫೋನಿಗೆ ಒಂದು ಗುಟ್ಟಿನ ಆಜ್ಞೆ ಕೊಡಬೇಕು: ಏನೇ ಆಗಲಿ, ಒಂದೇ ಸಮನೆ ಮಾತಾಡುತ್ತಿರು, ದನಿ ಏರಿಸಬೇಡ, ಇಳಿಸಬೇಡ. ಅದಿಲ್ಲದೆ ಹೋದರೆ ಕವಚ ಹಾಕುವ ಮೊದಲೆಷ್ಟು, ಹಾಕಿದ ಮೇಲೆಷ್ಟು ಅಂತ ಹೋಲಿಸುವುದು ಹೇಗೆ? ತಕ್ಕಡಿಯಲ್ಲಿ ಇಟ್ಟ ಕೋಳಿ ರೆಕ್ಕೆ ಬಡಿಯದ ಹಾಗೆ ಕಾಲು ಕಟ್ಟುತ್ತಾರಲ್ಲ, ಹಾಗೆ.

ಆ ಬುಧವಾರ ಮಧ್ಯಾಹ್ನ ಕಾಲು ಕಟ್ಟುವುದು ಮರೆತುಹೋಗಿತ್ತು.

ಕಂಪನಿಯ ಹೊಸ ಮಾದರಿಯ ಕವಚ ಬಂದಿತ್ತು. ಬರಿ ಫೋನಿಗೆ ನೂರು ಅಂತ ಗುರುತಿಟ್ಟುಕೊಂಡು, ಕವಚ ತೊಡಿಸಿ, ಬಾಗಿಲು ಹಾಕಿ, ಮಂದಾಕಿನಿ ಹೊರಗಿನ ಪರದೆಯ ಮುಂದೆ ಕೂತಳು. ಗೆರೆ ಮೂರಕ್ಕೆ ಬಿತ್ತು. ಸರಿ, ಬೀಳಬೇಕಾದದ್ದೇ. ಅವಳು ಮೂರು ಅಂತ ಬರೆದುಕೊಳ್ಳುವಷ್ಟರಲ್ಲಿ ಒಂಬತ್ತಾಯಿತು. ಇಪ್ಪತ್ತಾಯಿತು. ಮೆಟ್ಟಿಲು ಹತ್ತಿದ ಹಾಗೆ ನಲವತ್ತೊಂದು, ಐವತ್ತೈದು, ಅರವತ್ತು.

"ನಫೀಸಾ! ಫೋನನ್ನ ಪರೀಕ್ಷಾ ಸ್ಥಿತಿಗೆ ಹಾಕಿದ್ಯಾ?"

"ಹಾಕ್ದೆ ಕಣೇ." ಟೀ ಲೋಟ ಹಿಡಿದು ಬಂದ ನಫೀಸಾ ಪರದೆ ನೋಡಿ ನಾಲಿಗೆ ಕಚ್ಚಿದಳು. "ಹಾಕಿದ್ನಾ? ಅಯ್ಯೋ, ಬೆಳಿಗ್ಗೆ ಅದು ಅಪ್‌ಡೇಟ್ ಕೇಳ್ತು, ಆಯ್ತು ಅಂದೆ. ಆಫ್ ಆಗಿ ಆನ್ ಆಯ್ತು. ಮತ್ತೆ ಹಾಕೋದು ಬಿಟ್ಟುಹೋಯ್ತು. ತೆಗಿ, ಇದನ್ನ ಅಳಿಸ್ಬಿಡು, ಹೊಸದಾಗಿ ಮಾಡೋಣ."

"ಇರು."

"ಏನಿರು? ಐದು ಗಂಟೆಗೆ ಬಸ್ಸು ನಂಗೆ."

"ಇರೇ ಸ್ವಲ್ಪ."

ಮಂದಾಕಿನಿ ಒಳಗೆ ಹೋಗಿ ಕವಚದ ಮುಚ್ಚಳ ತೆರೆದಳು. ಗೆರೆ ಮೊದಲಿನ ಜಾಗಕ್ಕೆ ಬಂತು. ಮುಚ್ಚಿದಳು, ಬಿತ್ತು, ಮತ್ತೆ ಹತ್ತಿತು. ಫೋನಿನ ಬೆನ್ನ ಕಡೆಗೆ ಆಂಟೆನಾ ತಿರುಗಿಸಿದಳು. ಅಂಗಡಿಯ ಎಲ್ಲ ಕವಚಗಳಂತೆ ಇದರಲ್ಲೂ ಬೆಳ್ಳಿ ಇದ್ದದ್ದು ಮುಂಬದಿಗೆ ಮಾತ್ರ. ಬೆನ್ನ ಕಡೆ ಬರಿ ಫೋನಿಗಿಂತ ಮೂರು ಪಟ್ಟು ಜಾಸ್ತಿ ತೋರಿಸಿತು. ಕೈಯಲ್ಲಿ ಹಿಡಿದರೆ ಫೋನು ಜ್ವರ ಬಂದ ಮಗುವಿನ ಹಣೆಯ ಹಾಗೆ ಬಿಸಿ.

ಗೊತ್ತಿಲ್ಲದ ಸಂಗತಿ ಅಲ್ಲ ಇದು. ಕಾಲೇಜಿನಲ್ಲಿ ಓದಿದ್ದೇ. ಟವರು ಫೋನಿಗೆ ಕ್ಷಣಕ್ಷಣಕ್ಕೂ ಹೇಳುತ್ತಿರುತ್ತದೆ: ಕೇಳಿಸ್ತಿಲ್ಲ, ಜೋರಾಗಿ ಹೇಳು, ಸಾಕು, ಮೆಲ್ಲಗೆ. ಬಾಗಿಲು ಮುಚ್ಚಿದ ಕೋಣೆಯೊಳಗಿಂದ ಮಾತಾಡುವವರು ತಾವಾಗಿ ದನಿ ಏರಿಸುತ್ತಾರಲ್ಲ, ಅಷ್ಟೇ ಸರಳ. ಓದಿದ್ದು ಒಂದು ಕಡೆ ಇತ್ತು, ಅಳೆದದ್ದು ಇನ್ನೊಂದು ಕಡೆ. ಎರಡೂ ಅವಳ ತಲೆಯೊಳಗೇ ಇದ್ದು ಇಷ್ಟು ದಿನ ಒಂದರ ಮುಖ ಒಂದು ನೋಡಿರಲಿಲ್ಲ.

"ಹಾಗಾದ್ರೆ ನಾವಿಷ್ಟು ದಿನ ಅಳೆದಿದ್ದು?" ನಫೀಸಾಳ ಟೀ ತಣ್ಣಗಾಗಿತ್ತು.

"ಕೂಗಬೇಡ ಅಂತ ಹೆದರಿಸಿ ಕೂರಿಸಿದ ಫೋನನ್ನ."

ಪರೀಕ್ಷಾಲಯದ ಮುಖ್ಯಸ್ಥ ಷಡಕ್ಷರಿಯವರು ಕೆಟ್ಟವರಲ್ಲ. ಕನ್ನಡಕ ಹಣೆಗೇರಿಸಿಕೊಂಡು ಗೆರೆಯನ್ನು ಎರಡು ಸಲ ನೋಡಿದರು. "ಅಲ್ಲಮ್ಮ, ನಮ್ಮನ್ನ ಕೇಳಿದ್ದೇನು? ಬಟ್ಟೆ ತಡೆಯುತ್ತಾ ಅಂತ. ತಡೆಯುತ್ತೆ ಅಂದ್ವಿ. ಅದರಲ್ಲಿ ಸುಳ್ಳೇನಿದೆ?"

"ಸುಳ್ಳಿಲ್ಲ ಸರ್. ಆದ್ರೆ ಜನ ಕೊಂಡ್ಕೊಂಡಿದ್ದು ಬಟ್ಟೆನಲ್ಲ."

"ಒಂದು ಟಿಪ್ಪಣಿ ಬರೆದುಕೊಡು. ಮುಂದಿನ ತಿಂಗಳು ಸಮಿತಿ ಸೇರುತ್ತೆ, ಇಡೋಣ."

ಮುಂದಿನ ತಿಂಗಳು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮಂದಾಕಿನಿಗೆ ತಂಗಿಯ ನೆನಪಾಯಿತು. ಸಿಂಚನಾಳಿಗೆ ಮುಂದಿನ ತಿಂಗಳೇ ದಿನ ಕೊಟ್ಟಿದ್ದರು.

ಸಿಂಚನಾ ಹೊಟ್ಟೆಗೆ ಗರ್ಭಪಟ್ಟಿ ಕಟ್ಟಿಕೊಂಡಿದ್ದಳು. ತಾಲ್ಲೂಕಿನ ಬಸುರಿಯರಿಗೆಲ್ಲ ಆಸ್ಪತ್ರೆಯವರೇ ಕೊಡುವ ಮೆತ್ತನೆಯ ಪಟ್ಟಿ ಅದು. ಮಗುವಿನ ಎದೆಬಡಿತ ಕೇಳಿ ಪಕ್ಕದ ಫೋನಿಗೆ ಹೇಳುತ್ತದೆ, ಫೋನು ಆಸ್ಪತ್ರೆಗೆ ಹೇಳುತ್ತದೆ. ಅಲ್ಲಿ ಒಂದು ಕೋಣೆಯ ಗೋಡೆ ತುಂಬ ಗೆರೆಗಳು, ಒಬ್ಬೊಬ್ಬ ತಾಯಿಗೆ ಒಂದೊಂದು ಗೆರೆ, ಹಗಲಿರುಳು ಯಾರಾದರೊಬ್ಬ ನರ್ಸು ನೋಡುತ್ತಿರುತ್ತಾರೆ. ಪಟ್ಟಿಗೆ ಸ್ವಂತ ದನಿ ಇಲ್ಲ. ಮೊದಮೊದಲು ಇತ್ತಂತೆ, ಸುಮ್ಮಸುಮ್ಮನೆ ಕಿರುಚಿ ಬಸುರಿಯರನ್ನು ಹೆದರಿಸುತ್ತದೆ ಅಂತ ತೆಗೆಸಿದರು.

ಅಂಗಡಿಯ ಕವಚವಾಗಿದ್ದರೆ ಫೋನು ಕೂಗಿಯಾದರೂ ಕೂಗುತ್ತಿತ್ತು. ಸಿಂಚನಾಳ ಫೋನು ಇದ್ದದ್ದು ಅಂಗಡಿಯ ಕವಚದಲ್ಲಲ್ಲ.

ಮಂದಾಕಿನಿ ತಂಗಿಗೆ ಕರೆ ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಮತ್ತೆ ಮಾಡಿದಳು. ಹೊರಗಿದ್ದಾರೆ. ತಂಗಿಯ ಗಂಡ ಅಶ್ವತ್ಥನಿಗೆ ಮಾಡಿದಳು, ರಿಂಗಾಯಿತು, ಎತ್ತಲಿಲ್ಲ. ಮಗ್ಗ ಓಡುವಾಗ ಅವನಿಗೆ ಗುಡುಗೂ ಕೇಳಿಸದು.

"ನಂಗೊಂದು ಗಂಟೆ ಬೇಕು," ಅಂದು ಸ್ಕೂಟರಿನ ಬೀಗದ ಕೈ ಎತ್ತಿಕೊಂಡಳು.

*

ಭಾನುವಾರ ಸಿಂಚನಾಳಿಗೆ ಸೀಮಂತ ಆಗಿತ್ತು. ಹಸಿರು ಬಳೆ, ಹಸಿರು ಸೀರೆ. ಮುತ್ತೈದೆಯರು ಒಬ್ಬೊಬ್ಬರಾಗಿ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ತುಂಬಿದ ಮೇಲೆ, ಅವಳ ಅತ್ತೆ ಪುಟ್ಟನಂಜಮ್ಮ ಮಗನನ್ನು ಕರೆದು "ನೀನೂ ಹಾಕೋ" ಅಂದಿದ್ದರು. ಅಶ್ವತ್ಥ ನಾಚಿಕೊಂಡೇ ಒಂದು ಚೀಲ ಹಾಕಿದ್ದ. ಕಂಪನಿಗೆ ನೇಯುವ ಬಟ್ಟೆಯಲ್ಲಿ ಅಡ್ಡದ ಹೊಕ್ಕಿಗೆ ಒಂದೇ ಬೆಳ್ಳಿ ಎಳೆ. ಇದಕ್ಕೆ ಉದ್ದದ ಹಾಸಿಗೂ ಬೆಳ್ಳಿ, ಹೊಕ್ಕಿಗೂ ಬೆಳ್ಳಿ, ಅದೂ ಎರಡೆಳೆ. ಆರೂ ಕಡೆ ಮುಚ್ಚುವ ಹಾಗೆ ಒಳಮಡಿಕೆ ಇಟ್ಟು ಹೊಲಿಸಿ, ಬಾಯಿಗೆ ಸೀರೆ ಸೆರಗಿನ ಹಾಗೆ ಕುಚ್ಚು ಕಟ್ಟಿಸಿದ್ದ. ಹೆಂಗಸರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದ್ದರು. ಮಿಣುಕುಹಾಳೆಯ ಮುಂದೆ ಹಿಡಿದರೆ ಕಗ್ಗತ್ತಲೆ. ಒಂದು ಚುಕ್ಕೆಯೂ ಇಲ್ಲ. ಮಂದಾಕಿನಿಯೇ ಭುಜ ತಟ್ಟಿ, "ನಮ್ಮ ಲ್ಯಾಬಲ್ಲೂ ಇಂಥದ್ದು ನೋಡಿಲ್ಲ ಅಶ್ವತ್ಥ," ಅಂದಿದ್ದಳು. ಆ ಮಾತು ಈಗ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಅವಳ ಕಿವಿಯಲ್ಲೇ ಹೇಳುತ್ತ ಬಂತು.

ಮನೆಯ ಮುಂಭಾಗದಲ್ಲಿ ಮಗ್ಗ, ಹಿಂದೆ ವಾಸ. ಅಶ್ವತ್ಥ ಅವಳನ್ನು ಕಂಡು ಕೈಸನ್ನೆಯಲ್ಲೇ ಬನ್ನಿ ಅಂದ. ಒಳಗೆ ಸಿಂಚನಾ ದಿವಾನದ ಮೇಲೆ ದಿಂಬಿಗೊರಗಿ ಕಡಲೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಬೆಳ್ಳಿ ಚೀಲ, ಕುಚ್ಚು ಇಳಿಬಿಟ್ಟುಕೊಂಡು.

"ಏನಕ್ಕ ಇಷ್ಟು ಹೊತ್ತಲ್ಲಿ? ಕೆಲಸದಿಂದ ತೆಗೆದ್ರಾ?"

"ಫೋನ್ ತೆಗಿ ಹೊರಗೆ."

"ನೀರಾದ್ರೂ ಕುಡಿ ಮೊದಲು."

"ಸಿಂಚು, ಫೋನ್ ತೆಗಿ."

ಸಿಂಚನಾಳ ಕೈ ಚೀಲದ ಮೇಲೆ ಹೋಯಿತು, ತೆಗೆಯುವುದಕ್ಕಲ್ಲ. "ಬೆಳಿಗ್ಗೆ ತೆಗೆದಿದ್ದೆ. ಸಂಜೆ ಮತ್ತೆ ತೆಗೀತೀನಿ, ಯಾರಾದ್ರೂ ಕರೆ ಮಾಡಿದ್ರಾ ಅಂತ ನೋಡೋಕೆ. ಅಲ್ಲೀವರೆಗೂ ಯಾಕೆ?"

ಮಂದಾಕಿನಿ ಹೇಳಿದಳು. ಕೂತು ಹೇಳಲಾಗದೆ ಅತ್ತಿಂದಿತ್ತ ಓಡಾಡಿಕೊಂಡೇ ಹೇಳಿದಳು. ಕಾಲು ಕಟ್ಟಿದ ಫೋನು, ಕಾಲು ಬಿಚ್ಚಿದ ಫೋನು, ಮೂರರಿಂದ ಅರವತ್ತಕ್ಕೆ ಹತ್ತಿದ ಗೆರೆ. ಅಂಗಡಿ ಕವಚದಲ್ಲಿ ಫೋನು ಕೂಗುತ್ತದೆ. ಇದರಲ್ಲಿ ಕೂಗಿ ಕೂಗಿ ಸೋತು ಸುಮ್ಮನಾಗುತ್ತದೆ. ಪಟ್ಟಿ ಹೇಳುವುದು ಫೋನಿಗೂ ಕೇಳಿಸದು, ಫೋನು ಹೇಳುವುದು ಯಾರಿಗೂ ಕೇಳಿಸದು.

ಪುಟ್ಟನಂಜಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದರು. "ಅಲ್ಲ ಕಣಮ್ಮ, ನನ್ನ ಮಗ ನೇಯ್ದಿದ್ದು ಚೆನ್ನಾಗಿಲ್ಲ ಅಂತಲೋ ನೀನು ಹೇಳೋದು?"

"ತುಂಬ ಚೆನ್ನಾಗಿದೆ ಅಮ್ಮ. ಅದೇ ಆಗಿರೋದು."

"ಹೆಚ್ಚಾಯ್ತು ಅಂತ ದೂರು ಹೇಳೋರನ್ನ ಇವತ್ತೇ ನೋಡಿದ್ದು. ಅದೂ ಮಡಿಲಿಗೆ ತುಂಬಿದ್ದು. ಹೆರಿಗೆ ಆಗೋವರೆಗೂ ಮಡಿಲಿನದ್ದನ್ನ ಆಚೆ ಹಾಕೋ ಪದ್ಧತಿ ನಮ್ಮಲ್ಲಿಲ್ಲ."

ಸಿಂಚನಾ ಇದಕ್ಕೆ ಕಿವಿಗೊಡಲಿಲ್ಲ. ಗೋಡೆಯ ಮೇಲಿನ ಹಾಳೆ ತೋರಿಸಿದಳು. "ನೋಡಕ್ಕ. ಕಪ್ಪಗಿದೆ. ನಾಲ್ಕು ದಿನದಿಂದ ಕಪ್ಪಗಿದೆ. ನಾಲ್ಕು ದಿನದಿಂದ ನಾನು ನಿದ್ದೆ ಮಾಡಿದೀನಿ, ಗೊತ್ತಾ?" ದನಿ ಸಣ್ಣಗಾಯಿತು. "ಹೋದ ವರ್ಷ ಅದಕ್ಕೆ ಹಾಡು ಕೇಳಿಸ್ತೀನಿ ಅಂತ ದಿನಾ ಸಂಜೆ ಫೋನನ್ನ ಹೊಟ್ಟೆ ಮೇಲೆ ಇಟ್ಕೊಂಡು ಮಲಗ್ತಿದ್ದೆ. ನಾನೇ. ಯಾರೂ ಹೇಳಿರಲಿಲ್ಲ."

ಹೋದ ವರ್ಷ ಐದನೇ ತಿಂಗಳಲ್ಲಿ ಹೋದ ಮಗು. ಡಾಕ್ಟರು ಅದಕ್ಕೆ ಬೇರೆಯೇ ಕಾರಣ ಹೇಳಿದ್ದರು, ಬಿಡಿಸಿ ಬಿಡಿಸಿ ಹೇಳಿದ್ದರು. ಆಮೇಲೆ ಮಿಣುಕುಹಾಳೆ ಬಂತು. ಒಂದು ದಿನ ಸಿಂಚನಾ ಖಾಲಿ ಹೊಟ್ಟೆಯ ಮೇಲೆ ಹಾಳೆ ಹಾಸಿ, ಅದರ ಮೇಲೆ ಫೋನಿಟ್ಟು, ನೀಲಿ ಬೆಳಕು ಹಿಗ್ಗಿ ಕುಗ್ಗುವುದನ್ನು ನೋಡುತ್ತ ಕೂತಿದ್ದನ್ನು ಮಂದಾಕಿನಿ ಕಣ್ಣಾರೆ ಕಂಡಿದ್ದಳು.

"ಅದು ಇದರಿಂದ ಆಗಿದ್ದಲ್ಲ ಸಿಂಚು."

"ನಿಂಗೆ ಹೇಗೆ ಗೊತ್ತು? ಡಬ್ಬಿ ಮೇಲೆ ನಿನ್ನ ಹೆಸರಿದೆ. ಅದನ್ನ ಓದಿ ತಾನೆ ನಾನು ಇವರಿಗೆ ನೇಯ್ದು ಕೊಡಿ ಅಂತ ಹಟ ಹಿಡಿದಿದ್ದು. ನಮ್ಮಕ್ಕ ಅಳೆದು ನೋಡಿ ಸಹಿ ಹಾಕಿದಾಳೆ, ಇನ್ನೂ ದಪ್ಪ ನೇಯ್ದ್ರೆ ಇನ್ನೂ ಒಳ್ಳೇದಲ್ವಾ ಅಂದೆ. ಈಗ ಬಂದು ತೆಗಿ ಅಂತೀಯ. ಆ ಸಹಿ ಸುಳ್ಳಾ?"

ಹೌದು ಅಂದರೆ ತಂಗಿ ಇನ್ನು ಯಾವ ಮಾತನ್ನೂ ನಂಬಳು. ಇಲ್ಲ ಅಂದರೆ ಚೀಲ ಬಿಚ್ಚಳು. ಗೋಡೆಯ ಹಾಳೆ ಕಪ್ಪಗೆ, ಪ್ರಶಾಂತವಾಗಿ ಇವರಿಬ್ಬರನ್ನೂ ನೋಡುತ್ತಿತ್ತು. ಬೆಳಕನ್ನು ತೋರಿಸಿ ಹೆದರಿಸಬಹುದು. ಇಲ್ಲದ ಬೆಳಕನ್ನು ತೋರಿಸುವುದು ಹೇಗೆ?

ಮಂದಾಕಿನಿ ತನ್ನ ಫೋನು ತೆಗೆದಳು. ಅದು ಬರಿ ಮೈಯಲ್ಲಿತ್ತು; ಹಾಳೆಯ ಮೇಲೆ ತಟಕ್ಕನೆ ನೀಲಿ ಅರಳಿತು, ಸಿಂಚನಾ ಹೊಟ್ಟೆಯನ್ನು ಅತ್ತ ತಿರುಗಿಸಿ ಸರಿದು ಕೂತಳು. ಮಂದಾಕಿನಿ ಬಾಗಿಲವರೆಗೂ ಹಿಂದೆ ಸರಿದು ಆಸ್ಪತ್ರೆಯ ಗೆರೆಗಳ ಕೋಣೆಗೆ ಕರೆ ಮಾಡಿ, ಸ್ಪೀಕರ್ ಹಾಕಿದಳು.

"ಹೇಳಿ, ಸಿಸ್ಟರ್ ಫಿಲೋಮಿನಾ ಮಾತಾಡ್ತಿರೋದು."

"ಸಿಸ್ಟರ್, ಸಿಂಚನಾ ಅಶ್ವತ್ಥ ಅಂತ, ಮೂವತ್ತೈದನೇ ವಾರ. ಅವಳ ಮಗು ಈಗ ಹೇಗಿದೆ?"

ಕೀಲಿಮಣೆಯ ಸದ್ದು. "ಅವರದ್ದು... ಬೆಳಿಗ್ಗೆ ಹತ್ತೂ ಹನ್ನೆರಡಕ್ಕೆ ಕೊನೆ ಬಂದಿದೆ. ಭಾನುವಾರದಿಂದ ಹೀಗೇ. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಕವಚದವರಿರಬೇಕು."

"ಕವಚದವರು ಅಂದ್ರೆ?"

"ಫೋನನ್ನ ಚೀಲದಲ್ಲಿ ಇಟ್ಕೊಳ್ಳೋರು. ತುಂಬ ಜನ ಆಗಿದಾರೆ ಮೇಡಂ. ಫೋನ್ ಮಾಡಿದ್ರೂ ಸಿಗಲ್ಲ. ಸಂಜೆ ತೆಗೆದಾಗ ಬರುತ್ತೆ ಅಂತ ಬಿಟ್ಟಿರ್ತೀವಿ."

"ಈಗ ಎರಡೂ ಮುಕ್ಕಾಲು. ಈಗ, ಈ ನಿಮಿಷ, ಮಗು ಹೇಗಿದೆ ಅಂತ ಹೇಳಿ ಸಿಸ್ಟರ್."

"ಗೊತ್ತಿಲ್ಲ ಮೇಡಂ."

ಮನೆಯ ಮುಂಭಾಗದಲ್ಲಿ ಮಗ್ಗ ಖಟಖಟ ಅನ್ನುತ್ತಲೇ ಇತ್ತು. ಸಿಂಚನಾಳ ಬೆರಳ ಸಂದಿಯಿಂದ ಕಡಲೆಕಾಯಿ ಸಿಪ್ಪೆ ಉದುರಿತು.

"ಗೊತ್ತಿಲ್ವಾ?" ಅಂದಳು, ಯಾರಿಗೆ ಅಂತಿಲ್ಲದೆ. "ನೋಡ್ತಾ ಇರ್ತಾರೆ ಅಂದ್ಕೊಂಡಿದ್ದೆ. ನಾನು ಮಲಗಿದ್ರೂ ಅಲ್ಲೊಬ್ರು ನೋಡ್ತಾ ಇರ್ತಾರೆ, ಅದಕ್ಕೆ ನಂಗೆ ನಿದ್ದೆ ಬರ್ತಿತ್ತು." ಚೀಲ ಎತ್ತಿಕೊಂಡಳು. ಕೈ ಗಂಟಿನ ಮೇಲೆ ನಿಂತಿತು. ಅತ್ತೆಯ ಕಡೆ ನೋಡಿದಳು.

ಪುಟ್ಟನಂಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. "ಚೀಲ ಮಡಿಲಲ್ಲೇ ಇರ್ಲಿ ಬಿಡು. ಫೋನೇನು ನಾವು ತುಂಬಿದ್ದಲ್ವಲ್ಲ. ತೆಗಿ ಮಗಾ."

ಸಿಂಚನಾ ಗಂಟು ಬಿಚ್ಚಿದಳು. ಒಳಮಡಿಕೆ ಬಿಡಿಸಿದಳು. ಫೋನು ಹೊರಬಂತು, ಬಿಸಿಬಿಸಿ. ಗೋಡೆಯ ಹಾಳೆಯ ಮೇಲೆ ಬೆಳಕು ಒಂದೇ ಏಟಿಗೆ ಚೆಲ್ಲಾಡಿತು, ಅಣೆಕಟ್ಟಿನ ಬಾಗಿಲು ಎತ್ತಿದ ಹಾಗೆ. ಪಟ್ಟಿ ನಾಲ್ಕೂವರೆ ಗಂಟೆ ಹೊತ್ತು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಫೋನಿಗೆ ಹೇಳುತ್ತಿತ್ತು, ಫೋನು ಆಸ್ಪತ್ರೆಗೆ ಹೇಳುತ್ತಿತ್ತು. ಸಿಂಚನಾ ಕಣ್ಣು ಮುಚ್ಚಿಕೊಂಡು, ಆದರೂ ಫೋನನ್ನು ಬಿಡದೆ, ಹಿಡಿದೇ ಕೂತಳು.

ಸ್ಪೀಕರಿನಲ್ಲಿ ಸಿಸ್ಟರ್ ಫಿಲೋಮಿನಾ, "ಹಾಂ, ಬಂತು ನೋಡಿ," ಅಂದರು. ಆಮೇಲೆ ಕೀಲಿಮಣೆಯ ಸದ್ದು ಜೋರಾಯಿತು. ಮಾತಾಡಿದಾಗ ದನಿಯೇ ಬೇರೆ. "ಮೇಡಂ, ಅವರನ್ನ ಎಡಗಡೆ ಮಗ್ಗುಲಿಗೆ ಮಲಗಿಸಿ. ಎಬ್ಬಿಸಬೇಡಿ, ನಡೆಸಬೇಡಿ. ಗಾಡಿ ಕಳಿಸ್ತಿದೀನಿ. ಒಂದು ಗಂಟೆಯಿಂದ ಮಗು ಎದೆಬಡಿತ ಬಿದ್ದು ಬಿದ್ದು ಏಳ್ತಿದೆ. ಫೋನ್ ಮಾತ್ರ ಮುಚ್ಚಬೇಡಿ. ದಯವಿಟ್ಟು ಮುಚ್ಚಬೇಡಿ."

ಮಂದಾಕಿನಿ ಓಡಿಹೋಗಿ ಮಗ್ಗದ ಸ್ವಿಚ್ಚು ತಾನೇ ಆರಿಸಿದಳು.

*

ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ನಾಲ್ಕು ಗಂಟೆಗೆ ಐದು ನಿಮಿಷ ಇರುವಾಗ ಕೊಯ್ದು ತೆಗೆದರು. ಹೆಣ್ಣು. ಎರಡು ಕಿಲೋಗೆ ತುಸು ಕಡಿಮೆ. ಮೊದಲು ಅಳಲಿಲ್ಲ, ಆಮೇಲೆ ಬಾಗಿಲಾಚೆ ಕೂತ ಮೂವರಿಗೂ ಕೇಳಿಸುವ ಹಾಗೆ ಅತ್ತಿತು. ಪುಟ್ಟನಂಜಮ್ಮ ಸೆರಗು ಬಾಯಿಗೊತ್ತಿಕೊಂಡರು. ಅಶ್ವತ್ಥನ ಅಂಗಿ ತೋಳಿನ ಮೇಲೆ ಇನ್ನೂ ಬೆಳ್ಳಿ ಎಳೆಯ ತುಣುಕುಗಳು ಅಂಟಿದ್ದವು, ಅವನು ಒಂದೊಂದನ್ನೇ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಇನ್ನೊಂದರ್ಧ ಗಂಟೆ ತಡವಾಗಿದ್ದರೆ ಅಂತ ಡಾಕ್ಟರು ಶುರುಮಾಡಿ, ಅವರ ಮುಖ ನೋಡಿ, ವಾಕ್ಯ ಮುಗಿಸದೆ ಹೋದರು.

ಮಂದಾಕಿನಿಗೆ ಕೂರಲಾಗಲಿಲ್ಲ. ಮಹಡಿ ಹತ್ತಿ ಗೆರೆಗಳ ಕೋಣೆಗೆ ಹೋದಳು. ಸಿಸ್ಟರ್ ಫಿಲೋಮಿನಾ, ಐವತ್ತರ ಹೆಂಗಸು, ಅವಳ ದನಿ ಕೇಳಿಯೇ ಗುರುತು ಹಿಡಿದು ಕೈ ಹಿಡಿದುಕೊಂಡರು. ಗೋಡೆಯ ತುಂಬ ಹಸಿರು ಗೆರೆಗಳು ಓಡುತ್ತಿದ್ದವು. ನಡುನಡುವೆ ಬರೀ ಹೆಸರು, ಮುಂದೆ ಖಾಲಿ.

"ಎಷ್ಟು ಖಾಲಿ ಇವೆ ಸಿಸ್ಟರ್?"

"ಇವತ್ತು ನಲವತ್ತಮೂರು. ನಿಮ್ಮ ತಂಗೀದು ಬಿಟ್ಟು." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಆಗಿನಿಂದ ಒಂದೊಂದಕ್ಕೂ ಮಾಡ್ತಿದೀನಿ. ಎಲ್ಲರೂ ವ್ಯಾಪ್ತಿ ಪ್ರದೇಶದ ಹೊರಗೆ. ಈ ಊರಲ್ಲೇ ಇದ್ಕೊಂಡು."

ಮಂದಾಕಿನಿ ಅಲ್ಲೇ ನಿಂತು ಷಡಕ್ಷರಿಯವರಿಗೆ ಬರೆದಳು: ಸರ್, ಕವಚದ ಪ್ರಮಾಣಪತ್ರಗಳ ಮೇಲಿನ ನನ್ನ ಸಹಿ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ಈಗಿನಿಂದಲೇ. ಕಂಪನಿಗೆ ನಾನೇ ತಿಳಿಸುತ್ತೇನೆ. ಉತ್ತರ ಕೂಡಲೇ ಬಂತು: ದುಡುಕಬೇಡ, ನಾಳೆ ಮಾತಾಡೋಣ. ಅವಳು ಫೋನನ್ನು ಜೇಬಿಗಿಳಿಸಿ, ಖಾಲಿ ಹೆಸರುಗಳ ಪಟ್ಟಿ ಬರೆಸಿಕೊಂಡು ಕೆಳಗಿಳಿದಳು.

ಅಶ್ವತ್ಥ ಪಟ್ಟಿಯ ಮೇಲೆ ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು. ಇನ್ನೊಂದು ಕಡೆ ನಿಂತಿತು.

"ಇವರಿಗೆ ಕೊಟ್ಟಿದೀನಿ ಅತ್ತಿಗೆ. ಇವರಿಗೂ. ಸೀಮಂತದಲ್ಲಿ ನೋಡಿದೋರು ಸೋಮವಾರ ಬೆಳಿಗ್ಗೆ ಬಾಗಿಲಿಗೇ ಬಂದ್ರು. ಬಸುರಿ ಹೆಂಗಸು ಬಾಯಿಬಿಟ್ಟು ಕೇಳಿದ್ರೆ ಇಲ್ಲ ಅನ್ನೋದು ಹೇಗೆ? ಒಟ್ಟು ಎಂಟು. ಎಂಟೂ ಎರಡೆಳೇದೇ. ಉಳಿದೋರು ಬೇರೆ ಮಗ್ಗದಲ್ಲಿ ಇಂಥದ್ದೇ ನೇಯಿಸ್ಕೊಂಡಿರ್ಬೇಕು." ಅವನು ಎದ್ದು ನಿಂತ. "ಮನೆ ಗೊತ್ತು ನಂಗೆ. ಫೋನ್ ಸಿಗದಿದ್ರೆ ಏನಂತೆ, ನಡೀರಿ."

"ಮಗು ನೋ‌ಡ್ಕೊಂಡು..."

"ಅಮ್ಮ ಇದಾರೆ. ನಡೀರಿ ಅತ್ತಿಗೆ."

ಉಳಿದ ಮೂವತ್ತೈದು ಹೆಸರುಗಳನ್ನು ಆಸ್ಪತ್ರೆಯ ಆಶಾ ಕಾರ್ಯಕರ್ತೆಯರು ಹಂಚಿಕೊಂಡರು. ಇವರಿಬ್ಬರೂ ಸ್ಕೂಟರಿನಲ್ಲಿ ಹೊರಟರು. ಸಂಜೆ ಬಿಸಿಲು ಇನ್ನೂ ಬೀದಿಯಲ್ಲೇ ಇತ್ತು. ಎರಡೂ ಕಡೆ ಮನೆಗಳಿಂದ ಮಗ್ಗದ ಸದ್ದು. ಮಂದಾಕಿನಿಗೆ ಆ ಒಂದೊಂದು ಖಟ್ಟಿಗೂ ಒಂದೊಂದು ಎಳೆ ಬೆಳ್ಳಿ ಎಲ್ಲೋ ಯಾರದೋ ದನಿಯ ಮೇಲೆ ಬೀಳುತ್ತಿದೆ ಅನ್ನಿಸಿ, ಅಶ್ವತ್ಥನಿಗೆ ಇನ್ನೂ ಜೋರು, ಇನ್ನೂ ಜೋರು ಅಂದಳು.

ಮೊದಲ ಮನೆಯ ಬಾಗಿಲು ಅರ್ಧ ತೆರೆಯಿತು. ಒಳಗೆ ತುಂಬು ಬಸುರಿ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಕುಚ್ಚು ಕಟ್ಟಿದ ಚೀಲ. ಅಶ್ವತ್ಥ ಉಸಿರು ಕಟ್ಟಿಕೊಂಡು ಒಂದೇ ಸಮ ಹೇಳಿದ. "ಅಕ್ಕ, ಫೋನ್ ಆಚೆ ತೆಗೀರಿ. ನಾನು ಕೊಟ್ಟಿದ್ದು, ನಾನೇ ಹೇಳ್ತಿದೀನಿ. ಅದು ಸರಿಯಿಲ್ಲ."

ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಸರಿಯಿಲ್ವಾ? ಮೊನ್ನೆ ನೀನೇ ಹಾಳೆ ಮುಂದೆ ಹಿಡಿದು ತೋರಿಸ್ಲಿಲ್ವಾ? ಈ ಬಟ್ಟೆ ತಡೆಯುತ್ತೆ ಅಂತ ಯಾರೋ ದೊಡ್ಡ ಲ್ಯಾಬಿನೋರು ಸಹಿ ಹಾಕಿಲ್ವಾ? ಅವರಿಗಿಂತ ನಿಂಗೆ ಜಾಸ್ತಿ ಗೊತ್ತಾ?"

ಸ್ಕೂಟರಿನ ಪಕ್ಕ ನಿಂತಿದ್ದ ಮಂದಾಕಿನಿ ಮೆಟ್ಟಿಲು ಹತ್ತಿ ಅವನ ಮುಂದೆ ಬಂದಳು.

"ಆ ಸಹಿ ನಂದು," ಅಂದಳು. "ನಾನು ತಪ್ಪು ಅಳೆದಿದ್ದೆ."

ಬೈಗುಳ ಬರುತ್ತದೆ ಅಂತ ಮಂದಾಕಿನಿ ಕಾದಳು. ಹೆಂಗಸು ಬಾಗಿಲು ಪೂರ್ತಿ ತೆರೆದು, ಚೀಲವನ್ನು ಅವಳ ಕೈಗೆ ಹಿಡಿಸಿದಳು.

"ಹಾಗಾದ್ರೆ ನೀನೇ ಬಿಚ್ಚು."

ಗಂಟು ಬಿಗಿಯಾಗಿತ್ತು. ಅವಳು ಹಲ್ಲಿನಿಂದ ಬಿಚ್ಚಿದಳು.